ಒಂದು ಪೈಪು, ಎರಡು ಗೋಡೆ: ಹೊಟ್ಟೆ, ಎದೆ, ತೋಳಿನ ವ್ಯಾಯಾಮಕ್ಕೆ ಬೇಕಾದ ಸಾಮಾನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ

ಹೊಟ್ಟೆಗೆ ಒಂದು ಮಷೀನು, ಎದೆಗೆ ಒಂದು, ತೋಳಿಗೆ ಇನ್ನೊಂದು ಅಂತ ಅಂಗಡಿಯವರು ಮಾರುತ್ತಾರೆ. ಅಷ್ಟೆಲ್ಲ ಬೇಕಿಲ್ಲ. ನೇತಾಡಲು ಒಂದು ಗಟ್ಟಿ ಬಾರ್, ನೆಲದ ಮೇಲೆ ಕೈ ಊರಲು ಎರಡು ಮರದ ಹಿಡಿ, ಓರೆಯಾಗಿ ಮಲಗಲು ಒಂದು ಹಲಗೆ. ಸೊಂಟದಿಂದ ಮೇಲಿನ ದೇಹಕ್ಕೆ ಈ ಮೂರು ಸಾಕು. ಇನ್ನೂ ಹುರುಪಿದ್ದರೆ ಬಾವಿ ರಾಟೆ ಒಂದು, ಸಿಮೆಂಟಿನ ಗದೆ ಒಂದು ಸೇರಿಸಿಕೊಳ್ಳಬಹುದು. ಅವನ್ನೂ ಹೇಳುತ್ತೇನೆ.

ಮನೆಯಲ್ಲಿ ಮಾಡಿದ ಬಾರ್ ಕೈಕೊಟ್ಟಾಗ ಹೋಗಿ ನೋಡಿ. ಪೈಪು ಬಹುತೇಕ ನೆಟ್ಟಗೇ ಇರುತ್ತದೆ. ಗೋಡೆಯಿಂದ ಬೋಲ್ಟು ಕಿತ್ತು ಬಂದಿರುತ್ತದೆ, ಇಲ್ಲವೇ ವೆಲ್ಡಿಂಗ್ ಬಿಟ್ಟಿರುತ್ತದೆ, ಇಲ್ಲವೇ ಮರೆಯಲ್ಲಿ ತುಕ್ಕು ತಿಂದಿರುತ್ತದೆ. ಎಲ್ಲರೂ "ಪೈಪ್ ಎಷ್ಟು ದಪ್ಪ ಇರಬೇಕು" ಅಂತ ಕೇಳುತ್ತಾರೆ, ಪೈಪು ಕೂರುವ ಜಾಗದ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ಈ ಬರಹದ ಅರ್ಧ ಭಾಗ ಗೋಡೆ, ಬೋಲ್ಟು, ಗುಂಡಿ ಇವುಗಳದ್ದೇ. ಬೇಸರ ಮಾಡಿಕೊಳ್ಳಬೇಡಿ.

ಹರ್ನಿಯಾ, ಭುಜದ ಹಳೇ ನೋವು, ಬಿಪಿ ಇದ್ದವರು, ಹೊಟ್ಟೆಯ ಆಪರೇಷನ್ ಆದವರು, ಗರ್ಭಿಣಿಯರು, ಈಚೆಗೆ ಹೆರಿಗೆ ಆದವರು ಡಾಕ್ಟರನ್ನು ಕೇಳಿಯೇ ಇವನ್ನು ಬಳಸಿ.

ಮೊದಲು ಜಾಗ ಹುಡುಕಿ

ಗೋಡೆಯ ಸ್ವಭಾವ ಗೊತ್ತಿರಬೇಕು. ಮೇಲಿಂದ ಕೆಳಗೆ ಒತ್ತುವ ಭಾರವನ್ನು ಗೋಡೆ ಸಲೀಸಾಗಿ ತಾಳುತ್ತದೆ. ತನ್ನಿಂದ ಹೊರಕ್ಕೆ ಕೀಳುವ ಎಳೆತವನ್ನು ತಾಳುವುದಿಲ್ಲ. ಹಾಗಾಗಿ ಬಾರ್ ಹಾಕಲು ಎಲ್ಲಕ್ಕಿಂತ ಒಳ್ಳೆ ಜಾಗ ಅಂದರೆ ಎದುರುಬದುರು ಗೋಡೆ ಇರುವ ಕಿರಿದಾದ ಓಣಿ: ಹಾಲ್‌ನಿಂದ ರೂಮಿಗೆ ಹೋಗುವ ಪ್ಯಾಸೇಜ್, ಮೆಟ್ಟಿಲ ಕೆಳಗಿನ ಸಂದಿ, ಯುಟಿಲಿಟಿ, ಇಂಥದ್ದು. ಮೂರರಿಂದ ನಾಲ್ಕು ಅಡಿ ಅಗಲ ಇರಲಿ. ಪೈಪಿನ ಎರಡೂ ತುದಿ ಎರಡು ಗೋಡೆಯ ಮೇಲೆ ಕೂರುತ್ತದೆ, ಪ್ರತಿ ಗೋಡೆಗೆ ಅರ್ಧ ಭಾರ, ಅದೂ ಕೆಳಮುಖವಾಗಿ. ಕೀಳುವ ಮಾತೇ ಇಲ್ಲ.

ಒಂದೇ ಗೋಡೆಯಿಂದ ಮುಂದಕ್ಕೆ ಚಾಚಿಕೊಂಡ ಬಾರ್ ಇದೆಯಲ್ಲ, ಆನ್‌ಲೈನಿನಲ್ಲಿ ಜಾಸ್ತಿ ಮಾರುವಂಥದ್ದು, ಅದರ ಲೆಕ್ಕ ನೋಡಿ. ನಿಮ್ಮ ತೂಕ 70 ಕೆಜಿ, ಬಾರ್ ಗೋಡೆಯಿಂದ 2 ಅಡಿ ಮುಂದಿದೆ, ಬ್ರಾಕೆಟ್ಟಿನ ಮೇಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ 1 ಅಡಿ ಅಂತರ. ಆಗ ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಕೀಳುವ ಬಲ ಸುಮಾರು 140 ಕೆಜಿ! ಅದೂ ನೀವು ಅಲ್ಲಾಡದೆ ಸುಮ್ನೆ ನೇತಾಡಿದಾಗ. ಜೋರಾಗಿ ಎಳೆದು ಮೇಲೇರಿದರೆ, ತೂಗಾಡಿದರೆ ಅದು ದುಪ್ಪಟ್ಟಾಗುತ್ತದೆ ಅಂತಲೇ ಲೆಕ್ಕ ಇಟ್ಟುಕೊಳ್ಳಬೇಕು. ಅದೇ ಬ್ರಾಕೆಟ್ 2 ಅಡಿ ಎತ್ತರ ಇದ್ದರೆ ಎಳೆತ 70 ಕೆಜಿಗೆ ಇಳಿಯುತ್ತದೆ. ಇಂಥ ಬಾರ್ ಹಾಕಲೇಬೇಕು ಅಂದರೆ ಕಾಂಕ್ರೀಟ್ ಪಿಲ್ಲರಿಗೆ ಅಥವಾ ಬೀಮಿಗೆ ಮಾತ್ರ ಹಾಕಿ, ಬ್ರಾಕೆಟ್ ಎತ್ತರ ಇರುವುದನ್ನೇ ಮಾಡಿಸಿ.

ನಿಮ್ಮ ಗೋಡೆ ಯಾವುದು ಅಂತ ತಿಳಿಯುವುದು ಸುಲಭ. ಸಣ್ಣ ಡ್ರಿಲ್ ಬಿಟ್‌ನಲ್ಲಿ ಒಂದು ತೂತು ಹಾಕಿ, ಪುಡಿ ನೋಡಿ. ಮೊದಲ ಅರ್ಧ, ಮುಕ್ಕಾಲು ಇಂಚು ಬರುವುದು ಪ್ಲಾಸ್ಟರಿಂಗ್, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಪುಡಿ ಬಂದು ಡ್ರಿಲ್ ಕಷ್ಟಪಟ್ಟು ಹೋದರೆ ಕಾಂಕ್ರೀಟ್ ಅಥವಾ ಸಾಲಿಡ್ ಬ್ಲಾಕ್. ಬೆಳ್ಳಗಿನ ಹಗುರ ಪುಡಿ ಬಂದು ಬಿಟ್ ಸಲೀಸಾಗಿ ಒಳಗೆ ಹೋದರೆ ಅದು ಎಎಸಿ ಬ್ಲಾಕ್ (ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್ ಬ್ಲಾಕ್), ಈಗಿನ ಅಪಾರ್ಟ್‌ಮೆಂಟ್‌ಗಳಲ್ಲಿ ಜಾಸ್ತಿ. ಬಿಟ್ ಇದ್ದಕ್ಕಿದ್ದ ಹಾಗೆ ಟೊಳ್ಳಿಗೆ ಬಿದ್ದರೆ ಹಾಲೋ ಬ್ಲಾಕ್. ಕೊನೆಯ ಎರಡಕ್ಕೂ ಸಾಮಾನ್ಯ ಆಂಕರ್ ಬೋಲ್ಟ್ (ತೂತಿನೊಳಗೆ ಹಿಗ್ಗಿ ಕಚ್ಚಿಕೊಳ್ಳುವ ಬೋಲ್ಟು) ನಂಬಬೇಡಿ. ಗೋಡೆಯ ಆಚೆ ಬದಿಗೂ ತೂತು ಹಾಯಿಸಿ, ಆ ಕಡೆ ಒಂದು ಕಬ್ಬಿಣದ ಪ್ಲೇಟ್ ಇಟ್ಟು, ಉದ್ದ ಬೋಲ್ಟಿನಿಂದ ಎರಡನ್ನೂ ಸೇರಿಸಿ ಬಿಗಿ ಮಾಡಿ. ನೋಡಲು ಚೆಂದ ಇರುವುದಿಲ್ಲ. ಪರವಾಗಿಲ್ಲ.

ಒಂದು ಉಪಯೋಗದ ವಿಷಯ ಹೇಳುತ್ತೇನೆ. ನಮ್ಮ ಕಡೆ ಬಾಗಿಲು, ಕಿಟಕಿಯ ಲಿಂಟಲ್, ಅಂದರೆ ಅವುಗಳ ಮೇಲೆ ಅಡ್ಡ ಹಾಕುವ ಕಾಂಕ್ರೀಟ್ ತೊಲೆ, ಸಾಮಾನ್ಯವಾಗಿ ನೆಲದಿಂದ 7 ಅಡಿಗೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಬಾಗಿಲ ಮೇಲಷ್ಟೇ ನಿಲ್ಲಿಸದೆ ಗೋಡೆಯ ಉದ್ದಕ್ಕೂ ಕಾಂಕ್ರೀಟ್ ಪಟ್ಟಿಯ ಹಾಗೆ ಓಡಿಸಿರುತ್ತಾರೆ. ನಿಮ್ಮ ಮನೆಯಲ್ಲಿ ಹಾಗಿದ್ದರೆ ಬಾರ್‌ಗೆ ಬೇಕಾದ ಎತ್ತರದಲ್ಲೇ ಕಾಂಕ್ರೀಟ್ ಸಿಗುತ್ತದೆ, ಅದೃಷ್ಟ ಅಂದುಕೊಳ್ಳಿ. ಮನೆ ಕಟ್ಟಿದ ಮೇಸ್ತ್ರಿಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ.

ಫ್ಯಾನಿನ ಕೊಂಡಿಗೆ ನೇತು ಹಾಕಬೇಡಿ. ಅದು ಫ್ಯಾನಿಗೆ ಹಾಕಿದ್ದು, ನಿಮಗಲ್ಲ. ತಾರಸಿಯ ಪ್ಯಾರಪೆಟ್ ಗೋಡೆಗೂ ಬೇಡ, ತೆಳ್ಳಗಿನ ಗೋಡೆ ಅದು, ಹೊರಕ್ಕೆ ಬಿದ್ದರೆ ನಿಮ್ಮ ಜೊತೆ ರಸ್ತೆಯಲ್ಲಿ ಹೋಗುವವರಿಗೂ ಕಷ್ಟ. ಸ್ವಿಚ್ ಬೋರ್ಡಿನ ನೇರ ಮೇಲೆ ಡ್ರಿಲ್ ಹಾಕಬೇಡಿ, ವೈರಿನ ಪೈಪು ಅಲ್ಲೇ ಇಳಿದಿರುತ್ತದೆ. ಬಚ್ಚಲಿನ ಗೋಡೆಯಲ್ಲಿ ನೀರಿನ ಪೈಪಿನ ಭಯ. ಹಳೇ ಮನೆಗಳಲ್ಲಿ ಉಯ್ಯಾಲೆಗೋ ತೂಗುಮಂಚಕ್ಕೋ ತೊಲೆಗೆ ಹಾಕಿದ ಕೊಂಡಿಗಳಿದ್ದರೆ ಅವು ಮಾತ್ರ ಚಿನ್ನ, ತೂಗುವ ಭಾರಕ್ಕೆಂದೇ ಹಾಕಿದವು. ತೊಲೆಗೆ ಗೆದ್ದಲು ಹತ್ತಿದೆಯಾ ಅಂತ ಒಂದು ಸಲ ಕುಟ್ಟಿ ನೋಡಿ ಬಳಸಿ.

ಪೈಪು ಆರಿಸುವುದು

ಜಿಐ ಪೈಪಿನಲ್ಲಿ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನಲ್ಲಿ, ತೆಳ್ಳಗಿನದರಿಂದ ದಪ್ಪದ್ದಕ್ಕೆ ಎ, ಬಿ, ಸಿ ಅಂತ ಮೂರು ಕ್ಲಾಸ್ ಇರುತ್ತದೆ. ಪೈಪಿನ ಮೇಲೆ ಹಳದಿ ಪಟ್ಟಿ ಇದ್ದರೆ ಎ, ನೀಲಿ ಇದ್ದರೆ ಬಿ, ಕೆಂಪು ಇದ್ದರೆ ಸಿ. ನಿಮಗೆ ಬೇಕಾದದ್ದು ಒಂದಿಂಚಿನ ಬಿ ಕ್ಲಾಸ್. ಅಂಗಡಿಯಲ್ಲಿ ಒಂದಿಂಚು ಅಂದರೂ ಹೊರಗಿನ ಅಳತೆ ಸುಮಾರು 33.7 ಮಿಲಿಮೀಟರ್ ಇರುತ್ತದೆ, ಕೈಗೆ ಸರಿಯಾಗಿ ಕೂರುತ್ತದೆ. ಜಿಮ್ನಾಸ್ಟಿಕ್ಸ್‌ನ ಹೈ ಬಾರ್ 28 ಮಿಲಿಮೀಟರ್ ಅಷ್ಟೇ. ದಪ್ಪ ಜಾಸ್ತಿ ಆದಷ್ಟೂ ಹಿಡಿತ ಬೇಗ ಸೋಲುತ್ತದೆ, ಬೆನ್ನಿಗೆ ಕೆಲಸ ಸಿಗುವ ಮುಂಚೆಯೇ ಬೆರಳು ಬಿಟ್ಟುಬಿಡುತ್ತವೆ.

ಪಟ್ಟಿ ಅಳಿಸಿಹೋಗಿದ್ದರೆ ತೂಕ ಹಾಕಿಸಿ. ಒಂದಿಂಚಿನ ಪೈಪಿನ 4 ಅಡಿ ತುಂಡು ಎ ಕ್ಲಾಸ್ ಆದರೆ ಸುಮಾರು 2.4 ಕೆಜಿ, ಬಿ ಆದರೆ 2.9, ಸಿ ಆದರೆ 3.6 ಕೆಜಿ ತೂಗುತ್ತದೆ. ತಕ್ಕಡಿ ಸುಳ್ಳು ಹೇಳುವುದಿಲ್ಲ.

ಉದ್ದದ ವಿಷಯದಲ್ಲಿ ಹುಷಾರು. 4 ಅಡಿ ಅಂತರದ ಬಿ ಕ್ಲಾಸ್ ಪೈಪಿನ ನಡುವೆ 100 ಕೆಜಿ ನೇತು ಹಾಕಿದರೆ ಅದು ಸುಮಾರು 5 ಮಿಲಿಮೀಟರ್ ಬಾಗುತ್ತದೆ, ಕೈಗೆ ಗೊತ್ತೇ ಆಗುವುದಿಲ್ಲ. ಆದರೆ ಬಾಗುವುದು ಉದ್ದದ ಘನದಷ್ಟು ಏರುತ್ತದೆ. 5 ಅಡಿಗೆ ಹತ್ತಿರ ಎರಡರಷ್ಟು, 6 ಅಡಿಗೆ ಮೂರೂವರೆಯಷ್ಟು ಹತ್ತಿರ. 4 ಅಡಿ ದಾಟಿದರೆ ಒಂದೂಕಾಲು ಇಂಚಿನ ಪೈಪಿಗೆ ಹೋಗಿ, ಅಥವಾ ಅಗಲ ಕಡಿಮೆ ಇರುವ ಜಾಗ ಹುಡುಕಿ. ಸ್ಟೇನ್‌ಲೆಸ್ ಸ್ಟೀಲಿನ ಮೆಟ್ಟಿಲ ಹಿಡಿಕೆಯ ಪೈಪ್ ಹೊಳೆಯುತ್ತದೆ ಅಂತ ತರಬೇಡಿ, ಅದು ತೀರಾ ತೆಳ್ಳಗೆ.

ಬಾರ್ ಕೂರಿಸುವುದು

ಪ್ಯಾಸೇಜಿನ ಬಾರ್‌ಗೆ ಗೋಡೆಯ ಮೇಲೆ ಒಂದೊಂದು ಬಟ್ಟಲು ಬೇಕು. ಗ್ರಿಲ್ ಕೆಲಸ ಮಾಡುವವರ ಹತ್ತಿರ ಹೀಗೆ ಹೇಳಿ: 6 ಇಂಚು ಚೌಕದ, 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪ್ಲೇಟ್, ಅದರ ನಡುವೆ ಒಂದೂಕಾಲು ಇಂಚಿನ ಬಿ ಕ್ಲಾಸ್ ಪೈಪಿನ 2 ಇಂಚಿನ ತುಂಡನ್ನು ನಿಲ್ಲಿಸಿ ಸುತ್ತಲೂ ವೆಲ್ಡ್, ನಾಲ್ಕು ಮೂಲೆಗೆ 12 ಮಿಲಿಮೀಟರ್ ಬೋಲ್ಟಿನ ತೂತು. ಒಂದೂಕಾಲು ಇಂಚಿನ ಪೈಪಿನ ಒಳಗಳತೆ ಸುಮಾರು 36 ಮಿಲಿಮೀಟರ್, ಹಾಗಾಗಿ ಒಂದಿಂಚಿನ ಪೈಪು ಅದರೊಳಗೆ ಸ್ವಲ್ಪವೇ ಸಡಿಲವಾಗಿ ಕೂರುತ್ತದೆ. ಯಾವ ವಿಶೇಷ ಭಾಗವೂ ಬೇಡ.

"ಸುತ್ತಲೂ" ಅನ್ನುವ ಪದವನ್ನು ಎರಡು ಸಲ ಹೇಳಿ. ಇಲ್ಲದಿದ್ದರೆ ನಾಲ್ಕು ಕಡೆ ಚುಕ್ಕಿ ಇಟ್ಟು ಕೊಟ್ಟುಬಿಡುತ್ತಾರೆ, ಮೇಲೆ ಪೇಂಟ್ ಬಳಿದರೆ ಗೊತ್ತೂ ಆಗುವುದಿಲ್ಲ. ಪೇಂಟ್ ಮಾಡುವ ಮುಂಚೆ ಹೋಗಿ ನೋಡುವುದು ಒಳ್ಳೆಯದು. ವೆಲ್ಡ್ ಆಗುವ ಜಾಗದಲ್ಲಿ ಜಿಐ ಪೈಪಿನ ಸತುವಿನ ಲೇಪವನ್ನು ಗ್ರೈಂಡರಿನಲ್ಲಿ ತೆಗೆಯಬೇಕು, ಕೆಲಸ ಬಯಲಲ್ಲಿ ನಡೆಯಬೇಕು. ಸತು ಸುಟ್ಟ ಹೊಗೆ ಕುಡಿದರೆ ಕೆಲವು ಗಂಟೆಯಲ್ಲಿ ಚಳಿಜ್ವರ ಬಂದ ಹಾಗೆ ಆಗುತ್ತದೆ. ವೆಲ್ಡಿಂಗಿನವರಿಗೆ ಇದು ಗೊತ್ತಿರುತ್ತದೆ, ಆದರೂ ಹೇಳಿ.

ವೆಲ್ಡಿಂಗ್ ಬೇಡ, ಪ್ಲಂಬಿಂಗ್‌ನ ಎಲ್ಬೋ, ಟೀ, ಫ್ಲೇಂಜ್ ಹಾಕಿ ತಿರುಗಿಸಿ ಜೋಡಿಸುತ್ತೇನೆ ಅನ್ನುವವರಿದ್ದಾರೆ. ಎರಡು ಗೋಡೆಯ ನಡುವೆ ಅದು ನಡೆಯುತ್ತದೆ. ಚಾಚಿಕೊಂಡ ಬಾರ್‌ಗೆ ನಡೆಯುವುದಿಲ್ಲ. ಥ್ರೆಡ್ ಕತ್ತರಿಸಿದ ಕಡೆ ಪೈಪಿನ ದಪ್ಪ ಉಳಿಯುವುದೇ ಸ್ವಲ್ಪ, ಬಾಗುವ ಒತ್ತಡ ಜಾಸ್ತಿ ಬೀಳುವುದೂ ಅಲ್ಲೇ.

ಈಗ ಎತ್ತರ. ಬರಿಗಾಲಲ್ಲಿ ನಿಂತು ಕೈ ಮೇಲೆತ್ತಿ, ಬೆರಳ ತುದಿಗಿಂತ ಒಂದೆರಡು ಇಂಚು ಮೇಲೆ ಗುರುತು ಹಾಕಿ. ಹೆಚ್ಚಿನವರಿಗೆ ಅದು ಏಳು, ಏಳೂವರೆ ಅಡಿಗೆ ಬರುತ್ತದೆ. ಬಾರ್‌ನಿಂದ ಸೀಲಿಂಗಿಗೆ ಕನಿಷ್ಠ ಒಂದೂವರೆ ಅಡಿ ಖಾಲಿ ಇರಲಿ, ತಲೆ ಮೇಲೆ ಬರುತ್ತದಲ್ಲ. ಸೀಲಿಂಗ್ ಕೆಳಗಿದ್ದರೆ ಬಾರನ್ನೂ ಇಳಿಸಿ, ಮೊಣಕಾಲು ಮಡಚಿ ನೇತಾಡಿ. ಇದೇ ಗೋಡೆಗಳಲ್ಲಿ ಇನ್ನೆರಡು ಜೊತೆ ಬಟ್ಟಲು ಹಾಕಿಸಿ: ಒಂದು 3 ಅಡಿಗೆ, ಇನ್ನೊಂದು ಒಂದೂವರೆ ಅಡಿಗೆ. ಪೈಪ್ ಒಂದೇ, ಬೇಕಾದ ಎತ್ತರಕ್ಕೆ ಬದಲಾಯಿಸಿಕೊಳ್ಳುವುದು. 3 ಅಡಿಯ ಬಾರ್ ಹಿಡಿದು, ಅಂಗಾತ ಒರಗಿ ಎದೆಯನ್ನು ಬಾರ್‌ಗೆ ಎಳೆದುಕೊಳ್ಳುವುದು ಇನ್ನೂ ಪುಲ್ ಅಪ್ ಬಾರದವರಿಗೆ ಬೆನ್ನಿನ ಅತ್ಯುತ್ತಮ ವ್ಯಾಯಾಮ. ಒಂದೂವರೆ ಅಡಿಯದು ಹಲಗೆಗೆ, ಅದನ್ನು ಮುಂದೆ ಹೇಳುತ್ತೇನೆ.

ಪೈಪ್ ಮೇಲೆ ಕೆಳಗೆ ಓಡಾಡಬೇಕಾದ್ದರಿಂದ ಪ್ರತಿ ಜೊತೆಯಲ್ಲಿ ಒಂದು ಬಟ್ಟಲು 2 ಇಂಚು, ಇನ್ನೊಂದು 4 ಇಂಚು ಆಳ ಇರಲಿ. ಪೈಪನ್ನು ಮೊದಲು ಆಳದ ಬಟ್ಟಲಿಗೆ ಪೂರ್ತಿ ನೂಕಿ, ಇನ್ನೊಂದು ತುದಿಯನ್ನು ಎದುರಿನ ಬಟ್ಟಲಿಗೆ ನೇರ ಮಾಡಿ, ಹಿಂದಕ್ಕೆ ಎಳೆದು ಕೂರಿಸಬೇಕು. ಹಾಗಾಗಿ ಪೈಪಿನ ಉದ್ದ ಎರಡು ಪ್ಲೇಟುಗಳ ನಡುವಿನ ಅಂತರಕ್ಕಿಂತ ಎರಡೂಕಾಲು ಇಂಚು ಕಡಿಮೆ ಇರಲಿ. ಕೂತಾದ ಮೇಲೆ ಆಳದ ಬಟ್ಟಲಿನ ಮತ್ತು ಪೈಪಿನ ಮೂಲಕ ಹಾಯುವ ಒಂದು 8 ಮಿಲಿಮೀಟರ್ ಬೋಲ್ಟ್ ಹಾಕಲೇಬೇಕು. ಇದಿಲ್ಲದಿದ್ದರೆ ಪೈಪು ಕೈಯಲ್ಲೇ ಉರುಳುತ್ತದೆ, ಪಕ್ಕಕ್ಕೂ ಸರಿಯುತ್ತದೆ. ಸರಿದು ಬಟ್ಟಲಿನಿಂದ ಹೊರಬಂದರೆ ಮುಗಿಯಿತು.

ಬೋಲ್ಟು ಹಾಕುವಾಗ ಆತುರ ಬೇಡ. ರಸಮಟ್ಟ ಇಟ್ಟು ಎರಡೂ ಕಡೆ ಗುರುತು ಮಾಡಿ. ಹ್ಯಾಮರ್ ಡ್ರಿಲ್ಲಿನಲ್ಲಿ ಪ್ಲಾಸ್ಟರ್ ಬಿಟ್ಟು ಒಳಗೆ ಕನಿಷ್ಠ 3 ಇಂಚು ಹೋಗಿ. ತೂತಿನೊಳಗಿನ ಪುಡಿಯನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಿರಿ, ಪುಡಿ ಉಳಿದರೆ ಆಂಕರ್ ಕಚ್ಚಿಕೊಳ್ಳುವುದಿಲ್ಲ. ಕಾಂಕ್ರೀಟಿನಲ್ಲಿ ಕಂಬಿ ಅಡ್ಡ ಸಿಕ್ಕರೆ ಅದನ್ನು ಕೊರೆಯಬೇಡಿ, ತೂತನ್ನು ಎರಡಿಂಚು ಆಚೆ ಮಾಡಿ. ಇಟ್ಟಿಗೆ ಗೋಡೆಯಾದರೆ ಇಟ್ಟಿಗೆಯ ನಡುವೆ ಬೀಳಲಿ, ಸಂದಿನ ಗಾರೆಯಲ್ಲಿ ಬೇಡ. ಹಿಗ್ಗುವ ಆಂಕರನ್ನು ತೀರಾ ಬಿಗಿ ಮಾಡಿದರೆ ಇಟ್ಟಿಗೆ ಸೀಳುತ್ತದೆ. ಇಟ್ಟಿಗೆಗೆ ಕೆಮಿಕಲ್ ಆಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟು) ಒಳ್ಳೆಯದು, ಒಣಗಲು ಪ್ಯಾಕೆಟ್ಟಿನ ಮೇಲೆ ಬರೆದಷ್ಟು ಹೊತ್ತು ಬಿಡಿ.

ಗೋಡೆಯೇ ಇಲ್ಲದಿದ್ದರೆ

ಹಿತ್ತಲು ಇದ್ದವರು ಪುಣ್ಯವಂತರು. 2 ಇಂಚಿನ ಬಿ ಕ್ಲಾಸ್ ಪೈಪ್ 20 ಅಡಿಯ ಒಂದು ಲೆಂತ್ ತಂದು ಅರ್ಧಕ್ಕೆ ಕತ್ತರಿಸಿ. 10 ಅಡಿಯ ಎರಡು ಕಂಬ. 2 ಅಡಿ ನೆಲದೊಳಗೆ, 8 ಅಡಿ ಮೇಲೆ. ಕಂಬದ ಬುಡಕ್ಕೆ ಅಡ್ಡಲಾಗಿ ಒಂದು ಅಡಿಯ ಕಂಬಿ ವೆಲ್ಡ್ ಮಾಡಿಸಿ, ಕಾಂಕ್ರೀಟಿನೊಳಗೆ ಕಂಬ ತಿರುಗುವುದಿಲ್ಲ. ಗುಂಡಿ ಒಂದೂವರೆ ಅಡಿ ಚೌಕ, 2 ಅಡಿ ಆಳ. ಒಂದು ಭಾಗ ಸಿಮೆಂಟ್, ಎರಡು ಭಾಗ ಎಂ ಸ್ಯಾಂಡ್, ನಾಲ್ಕು ಭಾಗ ಜಲ್ಲಿ ಹಾಕಿದರೆ ಎರಡು ಗುಂಡಿಗೂ ಸೇರಿ ಎರಡು ಮೂಟೆ ಸಿಮೆಂಟಿನ ಒಳಗೆ ಕೆಲಸ ಆಗುತ್ತದೆ. ನೀರು ಜಾಸ್ತಿ ಸುರಿಯಬೇಡಿ, ತೆಳ್ಳಗಿನ ಕಾಂಕ್ರೀಟ್ ಸುರಿಯಲು ಸುಲಭ, ಆದರೆ ಬಲ ಕಡಿಮೆ. ಕನಿಷ್ಠ ಒಂದು ವಾರ ನೀರು ಹಾಕುತ್ತಾ ಬನ್ನಿ, ಎರಡು ವಾರ ಆಗುವವರೆಗೆ ನೇತಾಡಬೇಡಿ. ಮಕ್ಕಳನ್ನು ತಡೆಯುವುದೇ ಇದರಲ್ಲಿ ಕಷ್ಟದ ಭಾಗ.

ಉತ್ತರ ಕರ್ನಾಟಕದ ಎರೆಮಣ್ಣಿನ ಕಡೆಯವರು 3 ಅಡಿ ಆಳಕ್ಕೆ ಹೋಗಿ, ಕಂಬವನ್ನೂ ಅಷ್ಟು ಉದ್ದ ತಗೊಳ್ಳಿ. ಆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ, ಮೇಲೆಮೇಲೆ ನೆಟ್ಟ ಕಂಬ ವರ್ಷದೊಳಗೆ ವಾಲುತ್ತದೆ. ಎಲ್ಲಾ ಕಡೆಗೂ ಅನ್ವಯಿಸುವ ಮಾತು: ಕಾಂಕ್ರೀಟನ್ನು ನೆಲಕ್ಕಿಂತ ಎರಡಿಂಚು ಮೇಲೆ ತಂದು ಸುತ್ತಲೂ ಇಳಿಜಾರು ಮಾಡಿ, ಕಂಬದ ಮೇಲ್ತುದಿಗೆ ಮುಚ್ಚಳ ಹಾಕಿ. ಪೈಪು ಕೊಳೆಯುವುದು ನೆಲ ಮುಟ್ಟುವ ಜಾಗದಲ್ಲಿ ಮತ್ತು ಒಳಗೆ ನೀರು ನಿಂತು. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಗೆ ಇದು ಇನ್ನೂ ಬೇಗ.

ಜಾಗ ಇದ್ದರೆ ಪಕ್ಕದಲ್ಲೇ ಡಿಪ್ಸ್ ಬಾರ್ ಕೂಡ ನೆಡಿ, ಅಂದರೆ ನಡುವೆ ನಿಂತು ಎರಡು ಕೈ ಊರಿ ದೇಹವನ್ನು ಇಳಿಸಿ ಏರಿಸಲು ಜೋಡಿ ಬಾರ್. 3 ಅಡಿ ಉದ್ದದ ಎರಡು ಪೈಪು, ನಾಲ್ಕು ಕಾಲು, ನೆಲದಿಂದ 4 ಅಡಿ ಎತ್ತರ. ಎರಡರ ನಡುವೆ ನಿಮ್ಮದೇ ಒಂದು ಮೊಳ ಅಂತರ ಬಿಡಿ. ಹೆಚ್ಚಿನವರಿಗೆ ಅದು 18 ಇಂಚಿನ ಆಸುಪಾಸು. ಅಗಲ ಜಾಸ್ತಿ ಆದರೆ ಭುಜದ ಮುಂಭಾಗಕ್ಕೆ ನೋವು. ಇಲ್ಲಿ ಪೈಪು ಒಂದೂಕಾಲು, ಒಂದೂವರೆ ಇಂಚಿನದೇ ಇರಲಿ, ಅಂಗೈಗೆ ಒತ್ತುವುದಿಲ್ಲ.

ಬಾಡಿಗೆ ಮನೆಯವರ ಕಷ್ಟ ಬೇರೆ. ಗೋಡೆಗೆ ಒಂದು ತೂತು ಬಿದ್ದರೂ ಓನರ್ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ಅವರು 2 ಇಂಚು ಚೌಕದ ಟ್ಯೂಬಿನಲ್ಲಿ ತಾನಾಗಿ ನಿಲ್ಲುವ ಚೌಕಟ್ಟು ಮಾಡಿಸಿಕೊಳ್ಳಬೇಕು. ಇಲ್ಲಿ ನೋಡಬೇಕಾದ್ದು ಬುಡದ ಆಳ, ಅಂದರೆ ಮುಂದಿನಿಂದ ಹಿಂದಕ್ಕೆ ಎಷ್ಟು ಅನ್ನುವುದು. 7 ಅಡಿ ಎತ್ತರದ ಬಾರ್ ಮೇಲೆ 70 ಕೆಜಿಯ ಮನುಷ್ಯ ಸ್ವಲ್ಪ ತೂಗಾಡಿ 14 ಕೆಜಿಯಷ್ಟು ಬಲವನ್ನು ಮುಂದಕ್ಕೆ ಹಾಕಿದರೆ, ಚೌಕಟ್ಟು 30 ಕೆಜಿ ಇದ್ದರೂ, ಬುಡ 2 ಅಡಿ ಇದ್ದಾಗ ಅದು ಉರುಳುವ ಅಂಚಿಗೆ ಬಂದಿರುತ್ತದೆ. ಬುಡ 4 ಅಡಿ ಇದ್ದರೆ ಅದರ ಎರಡರಷ್ಟು ತಡೆಯುತ್ತದೆ. ಮೂಲೆಗಳಿಗೆ ಓರೆ ಪಟ್ಟಿ ಹಾಕಿಸಿ, ಸಂದುಗಳನ್ನು 12 ಮಿಲಿಮೀಟರ್ ಬೋಲ್ಟಿನಲ್ಲಿ ಜೋಡಿಸಿ, ಮನೆ ಬದಲಾಯಿಸುವಾಗ ಬಿಚ್ಚಿ ಕೊಂಡೊಯ್ಯಬಹುದು. ಬಾಗಿಲ ಚೌಕಟ್ಟಿನ ನಡುವೆ ತಿರುಗಿಸಿ ಬಿಗಿ ಮಾಡುವ ಬಾರ್ ಬರುತ್ತದಲ್ಲ, ಅದು ಬರೀ ಉಜ್ಜುವಿಕೆಯ ಮೇಲೆ ನಿಂತಿರುತ್ತದೆ. ನಾನಂತೂ ಅದರ ಮೇಲೆ ಕಾಲು ಬೀಸುವ ವ್ಯಾಯಾಮ ಮಾಡಿ ಅಂತ ಯಾರಿಗೂ ಹೇಳುವುದಿಲ್ಲ.

ಪರೀಕ್ಷೆ

ನಿಮ್ಮ ತೂಕದ ಎರಡರಷ್ಟು ಭಾರ ಹಾಕಿ ನೋಡದೆ ಬಾರ್ ಹಿಡಿಯಬೇಡಿ. 70 ಕೆಜಿಯವರಿಗೆ 140, ಅಂದರೆ ಹತ್ತಿರ ಮೂರು ಮೂಟೆ ಸಿಮೆಂಟಿನಷ್ಟು. ಮೂಟೆ ಎತ್ತುವ ಸಾಹಸ ಬೇಡ, ಖಾಲಿ ಚೀಲಗಳನ್ನು ಹಗ್ಗದಲ್ಲಿ ಮೊದಲೇ ನೇತು ಹಾಕಿ ಮರಳು ತುಂಬುತ್ತಾ ಹೋಗಿ. ಚೀಲದ ತಳ ನೆಲದಿಂದ ಎರಡು ಮೂರು ಇಂಚು ಮಾತ್ರ ಮೇಲಿರಲಿ, ಕಿತ್ತು ಬಂದರೂ ಟೈಲ್ಸ್ ಒಡೆಯುವುದಿಲ್ಲ. ಪೈಪಿನ ಕೆಳಗೆ ತುದಿಯಿಂದ ತುದಿಗೆ ನೂಲು ಬಿಗಿದು ಮೊದಲೇ ನೋಡಿಕೊಂಡಿರಿ. ಒಂದು ರಾತ್ರಿ ಬಿಟ್ಟು, ಭಾರ ಇಳಿಸಿ, ಮತ್ತೆ ನೂಲು ಹಿಡಿಯಿರಿ. ಪೈಪು ನೆಟ್ಟಗೆ ವಾಪಸ್ ಬಂದಿರಬೇಕು. ಪ್ಲೇಟಿನ ಅಂಚಿನಲ್ಲಿ ಪ್ಲಾಸ್ಟರ್ ಬಿರುಕು ಬಿಟ್ಟಿದ್ದರೆ, ಪ್ಲೇಟು ಕೂದಲೆಳೆಯಷ್ಟು ಜಾರಿದ್ದರೂ, ಆ ಜಾಗ ಬಿಟ್ಟುಬಿಡಿ.

ಹಿಡಿತದ ಜಾಗಕ್ಕೆ ಪೇಂಟ್ ಬೇಡ, ಬೆವರಿಗೆ ಜಾರುತ್ತದೆ. ಸ್ಪಂಜಿನ ಕವರ್ ಅಂತೂ ಬೇಡವೇ ಬೇಡ, ಕೈಯಲ್ಲೇ ತಿರುಗುತ್ತದೆ, ಒಳಗಿನ ತುಕ್ಕನ್ನು ಮುಚ್ಚಿಡುತ್ತದೆ. ಬರೀ ಜಿಐ ಜಾರಿದರೆ ಹತ್ತಿ ಬಟ್ಟೆಯ ಟೇಪನ್ನು ಬಿಗಿಯಾಗಿ ಸುತ್ತಿ, ಹಳತಾದಾಗ ಬದಲಾಯಿಸಿ. ಉಳಿದ ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಪ್ರೈಮರ್, ಮೇಲೆ ಎನಾಮಲ್. ವೆಲ್ಡ್ ಆದ ಜಾಗಕ್ಕೆ ಎರಡು ಕೈ ಜಾಸ್ತಿ.

ಹೊಟ್ಟೆಗೆ ಹಲಗೆ

ಬಾರ್ ಹಿಡಿದು ನೇತಾಡಿ ಮೊಣಕಾಲನ್ನು ಎದೆಗೆ ತರುವುದೇ ಹೊಟ್ಟೆಗೆ ಸಾಕಷ್ಟು. ಸೊಂಟದ ಕೆಳಭಾಗ ಮುಂದಕ್ಕೆ ಸುರುಳಿಯಾಗಬೇಕು, ಕಾಲು ಮಾತ್ರ ಎತ್ತಿದರೆ ಕೆಲಸವೆಲ್ಲ ತೊಡೆಯ ಮೇಲ್ಭಾಗದ್ದು. ಆದರೆ ನೇತಾಡುವ ಶಕ್ತಿ ಬರುವವರೆಗೆ ಹಲಗೆ ಬೇಕು.

ಅಂಗಡಿಯ ಸಿಟ್ ಅಪ್ ಬೆಂಚಿನಲ್ಲಿ ಕಾಲನ್ನು ಮೇಲೆ ಸಿಕ್ಕಿಸಿ ತಲೆ ಕೆಳಗೆ ಮಾಡಿ ಮಲಗುತ್ತಾರೆ. ಕಾಲು ಸಿಕ್ಕಿಸಿದ ಕೂಡಲೇ ಸೊವಾಸ್ ಅನ್ನುವ ಸ್ನಾಯು ಜೋರಾಗಿ ಕೆಲಸ ಶುರು ಮಾಡುತ್ತದೆ. ಅದು ಸೊಂಟದ ಬೆನ್ನೆಲುಬಿನಿಂದ ತೊಡೆಮೂಳೆಗೆ ಹೋಗುವಂಥದ್ದು, ಎಳೆದಾಗ ಸೊಂಟವನ್ನೇ ಎಳೆಯುತ್ತದೆ. ಬೆನ್ನುನೋವು ಇರುವವರಿಗೆ ಇದು ಒಳ್ಳೆಯದಲ್ಲ. ಹಾಗಾಗಿ ಉಲ್ಟಾ ಮಾಡಿ: ತಲೆ ಮೇಲೆ, ಕಾಲು ಕೆಳಗೆ, ಕೈ ಬಾರ್ ಮೇಲೆ. ಕಾಲು ಸಿಕ್ಕಿಸುವ ರೋಲರಿನ ಖರ್ಚೂ ಉಳಿಯಿತು.

ಬೇಕಾದ್ದು 18 ಮಿಲಿಮೀಟರ್ ಪ್ಲೈವುಡ್, 4 ಅಡಿ ಉದ್ದ, 1 ಅಡಿ ಅಗಲ. ಪ್ಲೈ ಒಂದನ್ನೇ ನಂಬಿದರೆ ನಡುವೆ ಒಂದಿಂಚು ಬಾಗುತ್ತದೆ. ಕೆಳಗೆ ಉದ್ದಕ್ಕೂ 2 ಇಂಚು, 1 ಇಂಚಿನ ಎರಡು ರೀಪರುಗಳನ್ನು ಅಗಲ ಭಾಗ ನಿಲ್ಲುವ ಹಾಗೆ ಅಂಟು ಹಾಕಿ ಸ್ಕ್ರೂ ಹೊಡೆಯಿರಿ. ಮೇಲ್ತುದಿಯ ಕೆಳಗೆ ಪಟ್ಟಿ ಕಬ್ಬಿಣ ಬಗ್ಗಿಸಿದ ಎರಡು ಕೊಕ್ಕೆ, ಒಂದಿಂಚಿನ ಪೈಪಿಗೆ ಸರಿಯಾಗಿ ಕೂರುವಂಥವು. ಕೊಕ್ಕೆಗೆ ಸ್ಕ್ರೂ ಸಾಲದು, ರೀಪರಿನ ಮೂಲಕ ಹಾಯುವ ನಟ್ಟು ಬೋಲ್ಟು ಹಾಕಿ. ನೆಲಕ್ಕೆ ತಾಗುವ ತುದಿಗೆ ಹಳೇ ಟ್ಯೂಬಿನ ರಬ್ಬರ್. ಮೇಲೆ ಒಂದಿಂಚಿನ ಗಟ್ಟಿ ಫೋಮ್, ರೆಕ್ಸಿನ್.

ಒಂದೂವರೆ ಅಡಿಯ ಬಾರ್‌ಗೆ ಸಿಕ್ಕಿಸಿದರೆ ಹಲಗೆ ಸುಮಾರು 22 ಡಿಗ್ರಿ ಓರೆ ಆಗುತ್ತದೆ. ಮಲಗಿ, ತಲೆಯ ಎರಡೂ ಪಕ್ಕದಲ್ಲಿ ಬಾರ್ ಹಿಡಿದು, ಮೊಣಕಾಲನ್ನು ಎದೆಯ ಕಡೆ ಸುರುಳಿ ಮಾಡಿ, ನಿಧಾನಕ್ಕೆ ಇಳಿಸಿ. ಇಳಿಸುವುದರಲ್ಲೇ ನಿಜವಾದ ಕಷ್ಟ ಇರುವುದು.

ಹೊಟ್ಟೆಗೆ ಚಕ್ರ ತಳ್ಳುವ ಸಾಮಾನನ್ನು ಮಾತ್ರ ಮನೆಯಲ್ಲಿ ಮಾಡಬೇಡಿ, ಕೊಂಡರೇ ಅಗ್ಗ. ಅದಕ್ಕಿಂತ ಅಗ್ಗ ಬೇಕೇ? ನುಣುಪಾದ ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲದ ಮೇಲೆ ಮಂಡಿಯೂರಿ, ಎರಡು ಕೈ ಕೆಳಗೆ ಒಂದೊಂದು ಬಟ್ಟೆ ಇಟ್ಟು ಮುಂದಕ್ಕೆ ಜಾರಿಸಿ. ಅದೇ ವ್ಯಾಯಾಮ, ನೆಲವೂ ಒರೆಸಿದ ಹಾಗಾಯಿತು.

ಕೈ ಊರುವ ಮರದ ಹಿಡಿ

ಮರದಂಗಡಿಯಲ್ಲಿ ತೇಗವೋ ಮತ್ತಿಯೋ ಕೇಳಿ, ಬಡಗಿಯ ಹತ್ತಿರ 38, 40 ಮಿಲಿಮೀಟರ್ ಗುಂಡಗೆ ಕಡೆಸಿ, 16 ಇಂಚಿನ ಎರಡು ತುಂಡು. ಬಿದಿರು, ನೀಲಗಿರಿ ಬೇಡ, ಸೀಳುತ್ತವೆ. ಪ್ರತಿ ಹಿಡಿಗೆ ಎರಡು ಕಾಲು, 6 ಇಂಚು ಎತ್ತರ, ಕಾಲಿನ ಕೆಳಗೆ ಅಡ್ಡ ಪಾದ 10 ಇಂಚು. ಪಾದ ಚಿಕ್ಕದಾದರೆ ಪಕ್ಕಕ್ಕೆ ಮಗುಚುತ್ತದೆ, ಮಣಿಕಟ್ಟು ಉಳುಕುತ್ತದೆ. ಹಿಡಿಯನ್ನು ಕಾಲಿನೊಳಗೆ ತೂತು ಮಾಡಿ ಕೂರಿಸಿ, ಅಂಟು ಹಾಕಿ, ಒಂದು ಗೂಟ ಹೊಡೆಯಿರಿ. ಇಲ್ಲೂ ಅದೇ ಮಾತು, ಸಂದು ಗಟ್ಟಿ ಇದ್ದರೆ ಎಲ್ಲ ಗಟ್ಟಿ. 80, 120, 220 ನಂಬರಿನ ಸ್ಯಾಂಡ್ ಪೇಪರ್ ಒಂದಾದ ಮೇಲೊಂದು. ವಾರ್ನಿಷ್ ಜಾರುತ್ತದೆ, ಅಗಸೆ ಎಣ್ಣೆ ಸವರಿ ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಈ ಎಣ್ಣೆಯ ಬಟ್ಟೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಇದರ ಮೇಲೆ ಪುಷ್ ಅಪ್ ಮಾಡಿದರೆ ಎದೆ ಇನ್ನೂ ಕೆಳಗೆ ಇಳಿಯುತ್ತದೆ. ಎರಡರ ನಡುವೆ ಕೂತು, ಕೈ ಊರಿ, ಕಾಲನ್ನು ಮುಂದಕ್ಕೆ ನೀಡಿ ದೇಹವನ್ನು ನೆಲದಿಂದ ಎತ್ತಿ ಹಿಡಿಯಿರಿ. ಮೊದಲು ಒಂದು ಕಾಲು ನೆಲದಲ್ಲೇ ಇರಲಿ. ಹೊಟ್ಟೆ, ತೋಳು ಎರಡಕ್ಕೂ ಒಟ್ಟಿಗೆ ಇಷ್ಟು ಕೆಲಸ ಕೊಡುವ ಸಾಮಾನು ಬೇರೆ ಇಲ್ಲ ಅನ್ನುತ್ತೇನೆ ನಾನು.

ರಾಟೆ ಮತ್ತು ಗದೆ

ಪುಲ್ ಅಪ್ ಬಾರದವರಿಗೆ ಬಾವಿಯ ರಾಟೆ ಒಂದು ವರ. ಹಳೇ ಬೀಡು ಕಬ್ಬಿಣದ್ದು ಗುಜರಿಯಲ್ಲೂ ಸಿಗುತ್ತದೆ. ಮೇಲಿನ ಬಾರ್‌ಗೆ ಸರಪಳಿ ಸುತ್ತಿ ನೇತು ಹಾಕಿ, 12 ಮಿಲಿಮೀಟರ್ ಹಗ್ಗ ಹಾಯಿಸಿ, ಒಂದು ತುದಿಗೆ ನೀರಿನ ಕ್ಯಾನ್, ಇನ್ನೊಂದಕ್ಕೆ ಒಂದೂವರೆ ಅಡಿಯ ಪೈಪ್ ತುಂಡು. 20 ಲೀಟರಿನ ಕ್ಯಾನಿನಲ್ಲಿ ನೀರು ತುಂಬಿದರೆ 20 ಕೆಜಿ, ಒಣ ಮರಳು ತುಂಬಿದರೆ 30 ಕೆಜಿ ದಾಟುತ್ತದೆ. ಆದರೆ ಕ್ಯಾನಿನ ಕುತ್ತಿಗೆಗೆ ಕಟ್ಟಬೇಡಿ, ಗೋಣಿಚೀಲದಲ್ಲಿಟ್ಟು ಚೀಲಕ್ಕೆ ಕಟ್ಟಿ. ರಾಟೆಯ ನೇರ ಕೆಳಗಿನಿಂದ ಒಂದೂವರೆ ಅಡಿ ಆಚೆ ಮಂಡಿಯೂರಿ ಹಿಡಿಯನ್ನು ಎದೆಗೆ ಎಳೆದರೆ ಬೆನ್ನಿಗೆ ಕೆಲಸ. ಹಿಡಿಯನ್ನು ಹಣೆಯ ಹತ್ತಿರ ಇಟ್ಟುಕೊಂಡು ಬಗ್ಗಿದರೆ ಹೊಟ್ಟೆಗೆ. 30 ಕೆಜಿ ಎತ್ತಿದಾಗ ಬಾರ್ ಮೇಲೆ ಬೀಳುವುದು ಹತ್ತಿರ 60 ಕೆಜಿ, ಯಾಕೆಂದರೆ ಹಗ್ಗದ ಎರಡೂ ಬದಿ ಕೆಳಕ್ಕೆ ಎಳೆಯುತ್ತವೆ. ಬಣ್ಣದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ, ಹೊರಗೆ ಬಿಡಬೇಡಿ.

ಗದೆ ನಮ್ಮ ಗರಡಿಗಳ ಸಾಮಾನು. ಭುಜ, ಬೆನ್ನು, ಹಿಡಿತ, ಪಕ್ಕೆ ಎಲ್ಲವನ್ನೂ ಒಂದೇ ಬೀಸಿನಲ್ಲಿ ದುಡಿಸುತ್ತದೆ. ಮಕ್ಕಳ ಪ್ಲಾಸ್ಟಿಕ್ ಚೆಂಡನ್ನು ಅಚ್ಚು ಮಾಡಿಕೊಂಡು ಸಿಮೆಂಟ್, ಮರಳು, ಬೇಬಿ ಜಲ್ಲಿ ತುಂಬಿ. 6 ಇಂಚಿನ ಚೆಂಡಿಗೆ ತಲೆ ಸುಮಾರು 4 ಕೆಜಿ ಆಗುತ್ತದೆ, 8 ಇಂಚಿನದಕ್ಕೆ 10 ಕೆಜಿ, 10 ಇಂಚಿನದಕ್ಕೆ 20 ಕೆಜಿ. ಎರಡೇ ಇಂಚಿಗೆ ತೂಕ ಎರಡರಷ್ಟಾಗುವುದನ್ನು ನೋಡಿ, 6 ಇಂಚಿನಿಂದಲೇ ಶುರು ಮಾಡಿ. ಹಿಡಿಗೆ ಮುಕ್ಕಾಲು ಇಂಚಿನ ಜಿಐ ಪೈಪ್, ಒಟ್ಟು ಉದ್ದ 4 ಅಡಿಯ ಒಳಗೆ. ಚೆಂಡಿನೊಳಗೆ ಹೋಗುವ ತುದಿಗೆ ಅಡ್ಡ ಎರಡು ತೂತು ಕೊರೆದು, ಪ್ಲಸ್ ಆಕಾರದಲ್ಲಿ ಕಂಬಿ ತೂರಿಸಿ ವೆಲ್ಡ್ ಮಾಡಿಸಿ, ಆಮೇಲೆ ಕಾಂಕ್ರೀಟ್ ತುಂಬಿ. ಇದನ್ನು ಬಿಟ್ಟರೆ ಬೀಸುವಾಗ ತಲೆ ಕಳಚಿ ಟಿವಿಗೋ ಪಕ್ಕದವರಿಗೋ ಹೋಗುತ್ತದೆ. ಎರಡು ದಿನದ ಮೇಲೆ ಚೆಂಡು ಸೀಳಿ ತೆಗೆದು, ಒಂದು ವಾರ ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಬೀಸುವುದು ಬಯಲಲ್ಲಿ, ಸುತ್ತ ಯಾರೂ ಇಲ್ಲದಾಗ.

ಮೊದಲ ವಾರ ಕಳೆದ ಮೇಲೆ ಎಲ್ಲ ಬೋಲ್ಟುಗಳನ್ನು ಸ್ಪ್ಯಾನರ್ ಹಿಡಿದು ನೋಡಿ, ಆಮೇಲೆ ತಿಂಗಳಿಗೊಮ್ಮೆ. ವೆಲ್ಡಿನ ಮೇಲೆ ಬೆರಳಾಡಿಸಿ, ಪೇಂಟಿನಲ್ಲಿ ಕೂದಲಿನಂಥ ಗೆರೆ ಅಥವಾ ತುಕ್ಕಿನ ಸಾಲು ಕಂಡರೆ ಅಲ್ಲಿ ಬಿರುಕಿದೆ ಅಂತಲೇ ತಿಳಿದು ಅವತ್ತೇ ಬಳಕೆ ನಿಲ್ಲಿಸಿ. ಹಗ್ಗ, ಸರಪಳಿ, ಹಲಗೆಯ ಕೊಕ್ಕೆ ಇವಕ್ಕೂ ಅದೇ ತಪಾಸಣೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ 3 ಅಡಿ, ಒಂದೂವರೆ ಅಡಿಯ ಬಟ್ಟಲುಗಳಿಗೆ ಹಳೇ ಟೆನಿಸ್ ಬಾಲ್ ಕತ್ತರಿಸಿ ತೊಡಿಸಿ. ಅವು ಸರಿಯಾಗಿ ಅವರ ಹಣೆಯ ಮಟ್ಟಕ್ಕೇ ಬರುತ್ತವೆ.